ಠಾಣೆಯಲ್ಲಿ ‘ಇದು ಸಿವಿಲ್ ಮ್ಯಾಟರ್’ ಅಂದ್ರೆ ಮುಂದೇನು? ಮನೆ ಮಾರಾಟದ ಮೋಸ ಮತ್ತು ಕ್ರಿಮಿನಲ್ ಕಾನೂನು

ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ ಇಲ್ಲಿದೆ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.



ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಒಂದು ಸುತ್ತು ಹಾಕಿದ್ರೆ ಮೊದಲು ಕಣ್ಣಿಗೆ ಬೀಳೋದು ಬೀಗ ಹಾಕಿದ ಮನೆಗಳು. ಮಕ್ಕಳು ಬೆಂಗಳೂರಲ್ಲೋ, ಪುಣೆಯಲ್ಲೋ, ಸಮುದ್ರದಾಚೆಯೋ ಇದ್ದಾರೆ. ತೋಟ ಯಾರದೋ ಉಸ್ತುವಾರಿಗೆ ಬಿಟ್ಟಿದ್ದಾರೆ. ಮನೆ ಕೀಲಿಕೈ ಪಕ್ಕದ ಮನೆಯವರ ಹತ್ರ ಇದೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಗೆ ಬಂದಾಗ ಬಾಗಿಲು ತೆಗೆದು, ಜೇಡರಬಲೆ ಹೊಡೆದು, ನಾಲ್ಕು ದಿನ ಇದ್ದು ಹೋಗ್ತಾರೆ. ಪೇಟೆಯ ಅಂಚಿನಲ್ಲಿ ತಗೊಂಡ ಸೈಟಿನ ಕಥೆಯೂ ಇದೇ. ಕಾಗದ ಕಪಾಟಿನಲ್ಲಿ, ಮಾಲೀಕ ಊರಾಚೆ.

ಈಗ ಒಂದು ಉದಾಹರಣೆ ತಗೊಳ್ಳೋಣ. ಇದು ಕಲ್ಪಿತ, ಯಾರ ಮನೆಯ ಕಥೆಯೂ ಅಲ್ಲ. ಶಿರಸಿ ಪೇಟೆ ಅಂಚಿನ ಒಂದು ಮನೆಗೆ ತೆರಿಗೆ ಕಟ್ಟೋಕೆ ಅಂತ ಮಾಲೀಕರು ಹೋಗ್ತಾರೆ. ಖಾತೆ ಬೇರೆಯವರ ಹೆಸರಲ್ಲಿದೆ. ‘ಆರು ತಿಂಗಳ ಹಿಂದೆ ಕ್ರಯ ಆಗಿದೆಯಲ್ಲ’ ಅಂತಾರೆ ಕಚೇರಿಯಲ್ಲಿ. ಓಡಿ ಠಾಣೆಗೆ ಹೋದ್ರೆ, ಅಲ್ಲಿ ಎಲ್ಲವನ್ನೂ ಕೇಳಿಸಿಕೊಂಡು ಕೊನೆಗೆ ಒಂದೇ ಮಾತು: ‘ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ.’

ಆಸ್ತಿ ಜಗಳದಲ್ಲಿ ಸಿಕ್ಕಿಕೊಂಡ ಬಹಳಷ್ಟು ಜನ ಈ ಮಾತು ಕೇಳಿರ್ತೀರಿ. ಕೆಲವು ಸಲ ಅದು ಜಾರಿಕೊಳ್ಳೋ ಮಾತು. ಆದರೆ ಕೆಲವು ಸಲ, ಬೇಸರವಾದ್ರೂ ಹೇಳಬೇಕು, ಕಾನೂನಿನ ಪ್ರಕಾರ ಅದು ಸರಿಯಾದ ಮಾತೇ. ಯಾವಾಗ ಸರಿ, ಯಾವಾಗ ತಪ್ಪು ಅನ್ನೋದೇ ಇವತ್ತಿನ ವಿಷಯ. ಅದು ಗೊತ್ತಿದ್ರೆ ದೂರು ಬರೆಯೋ ರೀತಿಯೇ ಬದಲಾಗತ್ತೆ.

ಮೊದಲು ಕಾನೂನಿನ ಹೆಸರು. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ನಾವೆಲ್ಲ ಬೈಗುಳದ ಹಾಗೆ ಬಳಸ್ತಾ ಇದ್ದ ‘ಫೋರ್ ಟ್ವೆಂಟಿ’ ಈಗ ಕಲಂ 318ರ ನಾಲ್ಕನೇ ಉಪಕಲಂ. ಬೇರೆ ವ್ಯಕ್ತಿಯಂತೆ ನಟಿಸಿ ವಂಚಿಸೋದು 419 ಆಗಿತ್ತು, ಈಗ 319. ಬೆಲೆಬಾಳುವ ದಸ್ತಾವೇಜಿನ ನಕಲಿ ಸೃಷ್ಟಿ 467 ಇದ್ದದ್ದು 338 ಆಗಿದೆ. ವಂಚನೆಗಾಗಿ ಮಾಡಿದ ಫೋರ್ಜರಿ 468ರ ಬದಲು 336(3). ನಕಲಿ ಕಾಗದವನ್ನು ಅಸಲಿ ಅಂತ ಬಳಸೋದು 471ರ ಬದಲು 340(2). ಜುಲೈ 1ಕ್ಕಿಂತ ಮೊದಲೇ ನಡೆದ ಮೋಸಕ್ಕೆ ಹಳೇ ಸಂಹಿತೆಯ ಕಲಂಗಳೇ ಅನ್ವಯ, ನೀವು ದೂರು ಇವತ್ತು ಕೊಟ್ಟರೂ ಸರಿ. ಹಾಗಾಗಿ ಎಫ್‌ಐಆರ್‌ನಲ್ಲಿ 420 ಅಂತ ನೋಡಿ ‘ಇದು ರದ್ದಾದ ಕಾನೂನು’ ಅಂತ ಗಾಬರಿ ಆಗಬೇಡಿ. ನಾವು ನೋಡಬೇಕಾದ್ದು ಕ್ರಯಪತ್ರ ನೋಂದಣಿಯಾದ ದಿನಾಂಕ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ನಿಮ್ಮ ಮನೆಯನ್ನು ಬೇರೆ ಯಾರೋ ಮಾರಿದ್ರು ಅಂತ ಇಟ್ಕೊಳ್ಳಿ. ಇದರಲ್ಲಿ ಮೋಸ ಹೋದವರು ಯಾರು? ‘ನಾನೇ, ಮನೆ ಹೋಗಿದ್ದು ನಂದು’ ಅಂತೀರಿ. ಕಾನೂನು ಹಾಗೆ ಹೇಳಲ್ಲ. ವಂಚನೆ ಅಂದ್ರೆ, ಸುಳ್ಳು ಹೇಳಿ ಒಬ್ಬರನ್ನ ನಂಬಿಸಿ, ಆ ನಂಬಿಕೆಯ ಮೇಲೆ ಅವರಿಂದ ದುಡ್ಡೋ ಆಸ್ತಿಯೋ ಕೈಬಿಡಿಸೋದು. ನಿಮಗೆ ಯಾರೂ ಏನೂ ಹೇಳಿಲ್ಲ, ನೀವು ಏನನ್ನೂ ನಂಬಿಲ್ಲ, ನೀವಾಗಿ ಏನೂ ಕೊಟ್ಟಿಲ್ಲ. ‘ಇದು ನಂದೇ ಮನೆ’ ಅನ್ನೋ ಮಾತು ನಂಬಿ ದುಡ್ಡು ಕೊಟ್ಟಿದ್ದು ಕೊಂಡವರು. ಹಾಗಾಗಿ ವಂಚನೆಯ ದೂರು ಕೊಡೋ ಹಕ್ಕು ಮೊದಲಿಗೆ ಅವರದು.

ಇದು ನನ್ನ ವಾದ ಅಲ್ಲ. 2009ರಲ್ಲಿ ಸುಪ್ರೀಂ ಕೋರ್ಟ್ ‘ಮೊಹಮ್ಮದ್ ಇಬ್ರಾಹಿಂ ವಿರುದ್ಧ ಬಿಹಾರ ರಾಜ್ಯ’ ಪ್ರಕರಣದಲ್ಲಿ ಹೇಳಿದ್ದು. ತೀರ್ಪು ಬರೆದವರು ನ್ಯಾಯಮೂರ್ತಿ ಆರ್.ವಿ. ರವೀಂದ್ರನ್, ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದವರು. ಬಿಹಾರದ ಒಬ್ಬರು ದೂರು ಕೊಟ್ಟಿದ್ರು: ನನ್ನ ಜಮೀನಿಗೆ ಸಂಬಂಧವೇ ಇಲ್ಲದ ವ್ಯಕ್ತಿ ಅದರ ಒಂದು ಭಾಗವನ್ನ ಇನ್ನೊಬ್ಬರಿಗೆ ಬರೆದುಕೊಟ್ಟಿದ್ದಾನೆ, ಸಾಕ್ಷಿ ಹಾಕಿದವರು, ಪತ್ರ ಬರೆದವರು, ಸ್ಟಾಂಪ್ ಮಾರಿದವರು ಎಲ್ಲರೂ ಶಾಮೀಲು ಅಂತ. ಕೋರ್ಟ್ ವಂಚನೆ ಮತ್ತು ಫೋರ್ಜರಿ ಎರಡೂ ಆರೋಪಗಳನ್ನ ಕೈಬಿಟ್ಟಿತು.

ಫೋರ್ಜರಿ ಯಾಕಲ್ಲ? ನೋಡಿ, ಇಲ್ಲಿ ಒಂದು ಸೂಕ್ಷ್ಮ ಇದೆ. ಒಬ್ಬ ವ್ಯಕ್ತಿ ತನ್ನದೇ ಹೆಸರಲ್ಲಿ, ತನ್ನದೇ ಸಹಿ ಹಾಕಿ, ‘ಈ ಮನೆ ನಂದು, ಮಾರ್ತಾ ಇದೀನಿ’ ಅಂತ ಬರೆದುಕೊಟ್ರೆ, ಆ ಕಾಗದದಲ್ಲಿರೋ ಮಾತು ಸುಳ್ಳು. ಆದರೆ ಕಾಗದ ನಕಲಿ ಅಲ್ಲ. ಯಾರು ಬರೆದಿದ್ದಾರೆ ಅಂತ ಅದು ಹೇಳತ್ತೋ ಅವರೇ ಅದನ್ನ ಬರೆದಿದ್ದಾರೆ. ಸುಳ್ಳು ಹೇಳೋ ಕಾಗದ ಬೇರೆ, ಸುಳ್ಳು ಕಾಗದ ಬೇರೆ. ಫೋರ್ಜರಿ ಕಲಂಗಳು ಹಿಡಿಯೋದು ಎರಡನೆಯದನ್ನ. ಹಾಗಂತ ಆ ಕ್ರಯಕ್ಕೆ ಬೆಲೆ ಇದೆ ಅಂತ ಅಲ್ಲ. ಇಲ್ಲದ ಹಕ್ಕನ್ನ ಯಾರೂ ಕೊಡೋಕಾಗಲ್ಲ, ನಿಮ್ಮ ಮಾಲೀಕತ್ವ ಹೋಗಿಲ್ಲ. ಆದರೆ ಆ ಪತ್ರ ನಿಮ್ಮ ಮೇಲೆ ನಡೆಯಲ್ಲ ಅಂತ ಘೋಷಣೆ ಕೇಳೋಕೆ ಸಿವಿಲ್ ಕೋರ್ಟಿಗೇ ಹೋಗಬೇಕು.

ಈ ತೀರ್ಪು ಗೊತ್ತಿರೋ ಇನ್‌ಸ್ಪೆಕ್ಟರ್ ನಿಮ್ಮ ದೂರು ಓದಿ ‘ಸಿವಿಲ್ ಮ್ಯಾಟರ್’ ಅಂದ್ರೆ, ಆಕಾಶದಿಂದ ಹೇಳಿದ್ದಲ್ಲ ಅದು. ನಿಮ್ಮ ದೂರಿನಲ್ಲಿ ‘ಇಂಥವನು ನನ್ನ ಮನೆ ಮಾರಿ ನನಗೆ ಮೋಸ ಮಾಡಿದ್ದಾನೆ’ ಅನ್ನೋದು ಬಿಟ್ಟು ಬೇರೇನೂ ಇಲ್ಲದಿದ್ರೆ ಅವರು ಹೇಳಿದ್ದೇ ಸರಿ.

ಹಾಗಾದ್ರೆ ಅಷ್ಟೇನಾ? ಅಲ್ಲ. ಅಸಲಿ ಕಥೆ ಶುರುವಾಗೋದೇ ಇಲ್ಲಿಂದ.

ಬರೀ ಕ್ರಯಪತ್ರ ಹಿಡ್ಕೊಂಡು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದ್ರೆ ಇವತ್ತು ನೋಂದಣಿ ಆಗಲ್ಲ. ಪೇಟೆ ಆಸ್ತಿಗೆ ಇ-ಖಾತಾ ಬೇಕು. ಪಂಚಾಯ್ತಿ ವ್ಯಾಪ್ತಿಯ ಮನೆಗೆ ಇ-ಸ್ವತ್ತಿನ ನಮೂನೆ ಬೇಕು. ಗುರುತಿಗೆ ಆಧಾರ್‌ನಂಥ ದಾಖಲೆ ಬೇಕು. ಮಾಲೀಕರು ತೀರಿಹೋಗಿದ್ರೆ ಮರಣ ಪ್ರಮಾಣಪತ್ರ, ವಂಶವೃಕ್ಷ, ಪೌತಿ ಖಾತೆ. ಪರವಾಗಿ ಬೇರೆಯವರು ಬಂದಿದ್ರೆ ಜಿಪಿಎ. ನಿಮ್ಮ ಹೆಸರಲ್ಲಿದ್ದ ಮನೆ ಬೇರೆಯವರ ಕೈಯಿಂದ ಮಾರಾಟ ಆಗಬೇಕಾದ್ರೆ ಈ ಸಾಲಿನಲ್ಲಿ ಎಲ್ಲೋ ಒಂದು ಕಡೆ ಒಂದು ಸುಳ್ಳು ಕಾಗದ ಹುಟ್ಟಿರಲೇಬೇಕು. ನೀವು ಹುಡುಕಬೇಕಾದ್ದು ಅದನ್ನ. ಕ್ರಯಪತ್ರದ ಜೊತೆ ಗುದ್ದಾಡೋದು ಆಮೇಲೆ. ಮೊದಲು ಅದರ ಬೆನ್ನಿಗೆ ಅಂಟಿಕೊಂಡ ಕಾಗದಗಳನ್ನ ತೆಗೆಸಿ. ನೋಂದಾಯಿತ ಪತ್ರದ ದೃಢೀಕೃತ ನಕಲು ಕೊಡಿ ಅಂತ ಸಬ್ ರಿಜಿಸ್ಟ್ರಾರ್ ಕಚೇರಿಗೆ ಅರ್ಜಿ ಹಾಕಿ. ಪುರಸಭೆ, ನಗರಸಭೆ, ಪಂಚಾಯ್ತಿಯಲ್ಲಿ ಖಾತೆ ಬದಲಾವಣೆಯ ಇಡೀ ಕಡತದ ನಕಲು ಕೇಳಿ, ಕೊಡದಿದ್ರೆ ಮಾಹಿತಿ ಹಕ್ಕಿನಡಿ ಕೇಳಿ. ಠಾಣೆಗೆ ಹೋಗೋ ಮೊದಲಿನ ಈ ಹತ್ತು ದಿನದ ಓಡಾಟ ಮುಂದಿನ ಹತ್ತು ವರ್ಷ ಉಳಿಸಬಹುದು.

ಕಡತ ಕೈಗೆ ಬಂದಾಗ ಏನೇನು ಕಾಣಬಹುದು ಅಂತ ನೋಡೋಣ.

ಒಂದು, ನಿಮ್ಮ ಹೆಸರಲ್ಲೇ ಬೇರೆ ಯಾರೋ ಬಂದು ಕೂತು, ಫೋಟೋ ತೆಗೆಸಿಕೊಂಡು, ಹೆಬ್ಬೆಟ್ಟು ಒತ್ತಿ ಹೋಗಿರಬಹುದು. ಆಗ ಚಿತ್ರವೇ ಬದಲಾಯ್ತು. ಇದು ಸುಳ್ಳು ಹೇಳೋ ಕಾಗದ ಅಲ್ಲ, ಸುಳ್ಳು ಕಾಗದವೇ. ವ್ಯಕ್ತಿ ಬದಲಿಸಿ ವಂಚಿಸಿದ್ದಕ್ಕೆ 319, 5 ವರ್ಷದವರೆಗೆ ಜೈಲು. ವಂಚನೆಗಾಗಿ ಫೋರ್ಜರಿಗೆ 336(3), 7 ವರ್ಷದವರೆಗೆ. ಕ್ರಯಪತ್ರ ಬೆಲೆಬಾಳುವ ದಸ್ತಾವೇಜು, ಹಾಗಾಗಿ 338, ಅದಕ್ಕೆ 10 ವರ್ಷದವರೆಗೆ ಅಥವಾ ಜೀವಾವಧಿ. ಜೊತೆಗೆ 1908ರ ನೋಂದಣಿ ಕಾಯ್ದೆಯ ಕಲಂ 82. ನೋಂದಣಿ ಅಧಿಕಾರಿಯ ಮುಂದೆ ಬೇರೆಯವರಂತೆ ನಟಿಸೋದಕ್ಕೆ, ಅದಕ್ಕೆ ಸಹಾಯ ಮಾಡೋದಕ್ಕೆ 7 ವರ್ಷದವರೆಗೆ ಶಿಕ್ಷೆ. ‘ಇವರನ್ನ ನಾನು ಬಲ್ಲೆ’ ಅಂತ ಗೊತ್ತಿದ್ದೂ ಗುರುತಿಸಿ ಸಹಿ ಹಾಕಿದವರಿಗೂ ಇದು ತಾಗತ್ತೆ. ಚಹಾ ಕುಡಿಸಿದ್ರು ಅಂತ ಸಾಕ್ಷಿ ಹಾಕೋರು ಇದನ್ನ ನೆನಪಿಟ್ಟುಕೊಳ್ಳೋದು ಒಳ್ಳೇದು.

ಎರಡು, ನೀವು ಕೊಡದೇ ಇದ್ದ ಜಿಪಿಎ ಸಿಗಬಹುದು, ಅಥವಾ ನಕಲಿ ಆಧಾರ್. ಕಲಂ 337 ಇದಕ್ಕೇ ಇದೆ. ಕೋರ್ಟಿನ ದಾಖಲೆ, ಸರ್ಕಾರಿ ರಿಜಿಸ್ಟರ್, ಸರ್ಕಾರಿ ನೌಕರ ಕೊಟ್ಟ ಪ್ರಮಾಣಪತ್ರ, ಜಿಪಿಎ ಇವುಗಳ ಫೋರ್ಜರಿಗೆ 7 ವರ್ಷದವರೆಗೆ ಶಿಕ್ಷೆ. ಹೊಸ ಸಂಹಿತೆ ಈ ಪಟ್ಟಿಗೆ ಮತದಾರರ ಗುರುತಿನ ಚೀಟಿ ಮತ್ತು ಆಧಾರನ್ನ ಹೆಸರು ಹಿಡಿದು ಸೇರಿಸಿದೆ. ಹಳೇ ಕಾನೂನಿನಲ್ಲಿ ಅದು ಇರಲಿಲ್ಲ. ಜಿಪಿಎ ನೀವೇ ಕೊಟ್ಟಿದ್ದು, ಆದರೆ ‘ಮನೆ ನೋಡ್ಕೊಳ್ಳೋಕೆ’ ಅಂತ ಕೊಟ್ಟಿದ್ದನ್ನ ಮಾರೋಕೆ ಬಳಸಿ ದುಡ್ಡು ನುಂಗಿದ್ರೆ ಅದು ಫೋರ್ಜರಿ ಅಲ್ಲ, ನಂಬಿಕೆ ದ್ರೋಹ. ಕಲಂ 316, ಸಾಮಾನ್ಯವಾಗಿ 5 ವರ್ಷದವರೆಗೆ. ಏಜೆಂಟ್‌ ಕೆಲಸವನ್ನೇ ವೃತ್ತಿ ಮಾಡಿಕೊಂಡವರಿಗೆ ಅದೇ ಕಲಂನಲ್ಲಿ ಜೀವಾವಧಿಯವರೆಗೂ ಹೋಗತ್ತೆ.

ಮೂರನೆಯದು ನಮ್ಮ ಕಡೆ ಮನೆಯೊಳಗೇ ಹುಟ್ಟೋದು. ವಂಶವೃಕ್ಷ. ಅಪ್ಪ ತೀರಿಹೋದ ಮೇಲೆ ವಂಶವೃಕ್ಷ ಮಾಡಿಸುವಾಗ ಮದುವೆಯಾಗಿ ಹೋದ ಅಕ್ಕ ತಂಗಿಯರ ಹೆಸರು ‘ಮರೆತು’ ಹೋಗಿರತ್ತೆ. 2005ರ ತಿದ್ದುಪಡಿ ನಂತರ ಹಿಂದೂ ಅವಿಭಕ್ತ ಕುಟುಂಬದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, 2005ರಲ್ಲಿ ಅಪ್ಪ ಬದುಕಿದ್ದಿರಬೇಕು ಅಂತೇನೂ ಇಲ್ಲ ಅಂತ ಸ್ಪಷ್ಟ ಮಾಡಿದೆ. ಹಾಗಿರುವಾಗ, ಮಗಳಿದ್ದಾಳೆ ಅಂತ ಗೊತ್ತಿದ್ದೂ ‘ಇಷ್ಟೇ ಜನ ವಾರಸುದಾರರು’ ಅಂತ ಪ್ರಮಾಣ ಮಾಡಿ ಸರ್ಕಾರಿ ನೌಕರನಿಗೆ ಸುಳ್ಳು ಮಾಹಿತಿ ಕೊಟ್ಟು, ಅದರ ಮೇಲೆ ಮನೆ ಮಾರಿದ್ರೆ? ಪಾಲು ಕೇಳೋ ದಾವೆ ಸಿವಿಲ್ಲೇ. ಆದರೆ ಸುಳ್ಳು ಪ್ರಮಾಣ ಮಾಡಿದ್ದು ಬೇರೆಯೇ ಅಪರಾಧ. ಅಣ್ಣನ ಮೇಲೆ ಕೇಸು ಹಾಕೋದು ಬೇಕಾ ಬೇಡ್ವಾ ಅನ್ನೋದು ಆಯಾ ಮನೆಯವರ ತೀರ್ಮಾನ. ಅಪರಾಧವೇ ಅಲ್ಲ, ‘ಮನೆ ಮಾತು’ ಅಂತ ಅವರ ಬಾಯಿ ಮುಚ್ಚಿಸೋದು ಮಾತ್ರ ಸರಿಯಲ್ಲ ಅಂತ ನನ್ನ ಅಭಿಪ್ರಾಯ.

ಇನ್ನು ನಾಲ್ಕನೆಯದು ವಯಸ್ಸಾದವರಿಗೆ ಸಂಬಂಧಿಸಿದ್ದು. ‘ಸೊಸೈಟಿ ಸಾಲದ ಕಾಗದ, ಇಲ್ಲೊಂದು ಸಹಿ ಹಾಕಿ’ ಅಂತ ಹೇಳಿ ದಾನಪತ್ರಕ್ಕೆ ಸಹಿ ಹಾಕಿಸಿಕೊಳ್ಳೋದು. ಸಹಿ ಅವರದ್ದೇ, ಬಂದಿದ್ದೂ ಅವರೇ. ಆದರೂ ಇದು ಫೋರ್ಜರಿ ಆಗಬಹುದು. ಸುಳ್ಳು ದಸ್ತಾವೇಜು ಅಂದ್ರೇನು ಅಂತ ವಿವರಿಸೋ ಕಲಂ 335ರಲ್ಲಿ ಮೂರು ಬಗೆ ಇದೆ. ಮೂರನೇ ಬಗೆ ಇದೇ: ಮೋಸದಿಂದಲೋ, ಬುದ್ಧಿ ಸ್ವಾಧೀನ ಇಲ್ಲದ್ದರಿಂದಲೋ, ಅಮಲಿನಿಂದಲೋ ಕಾಗದದಲ್ಲಿ ಏನಿದೆ ಅಂತ ತಿಳಿಯದವರಿಂದ ಬೇಕಂತಲೇ ಸಹಿ ಹಾಕಿಸೋದು. ಇಲ್ಲಿ ವಂಚನೆಗೊಳಗಾದವರು ಸ್ವತಃ ಮಾಲೀಕರೇ, ಹಾಗಾಗಿ 318(4) ಕೂಡ ಸೇರತ್ತೆ.

ಹಿರಿಯರಿಗೆ ಪೊಲೀಸ್ ಠಾಣೆಗಿಂತ ಹತ್ತಿರದ ದಾರಿ ಇನ್ನೊಂದಿದೆ. 2007ರ ಹಿರಿಯ ನಾಗರಿಕರ ಕಾಯ್ದೆಯ ಕಲಂ 23. ನೋಡಿಕೊಳ್ತೀವಿ ಅನ್ನೋ ಷರತ್ತಿನ ಮೇಲೆ ಮನೆ ಬರೆಸಿಕೊಂಡು ನೋಡಿಕೊಳ್ಳದಿದ್ರೆ, ಆ ದಾನಪತ್ರವನ್ನ ನ್ಯಾಯಮಂಡಳಿ ಅಸಿಂಧು ಅಂತ ಘೋಷಿಸಬಹುದು. ಈ ಮೂರು ತಾಲೂಕಿನವರಿಗೆ ಆ ನ್ಯಾಯಮಂಡಳಿಯ ಅಧಿಕಾರಿ ಶಿರಸಿಯ ಉಪವಿಭಾಗಾಧಿಕಾರಿ, ನಾವು ಎ.ಸಿ. ಅಂತೀವಲ್ಲ, ಅವರೇ. ಷರತ್ತು ಇತ್ತು ಅಂತ ತೋರಿಸಬೇಕು ಅನ್ನೋದು 2022ರ ಒಂದು ಸುಪ್ರೀಂ ಕೋರ್ಟ್ ತೀರ್ಪು. ಕಾಯ್ದೆಯನ್ನ ಹಿರಿಯರ ಪರವಾಗಿ ಉದಾರವಾಗಿ ಓದಬೇಕು ಅನ್ನೋದು 2025ರ ಜನವರಿಯ ಊರ್ಮಿಳಾ ದೀಕ್ಷಿತ್ ಪ್ರಕರಣದ ತೀರ್ಪು. ಇಷ್ಟೆಲ್ಲ ಎಳೆದಾಟ ಯಾಕೆ? ಬರೆದುಕೊಡೋದೇ ಆದ್ರೆ, ಆ ಷರತ್ತನ್ನ ದಾನಪತ್ರದೊಳಗೇ ಒಂದು ಸಾಲು ಬರೆಸಿಬಿಡಿ.

ಈಗ ಕೊಳ್ಳೋರ ಕಡೆ ಬರೋಣ. ನಮ್ಮ ಜಿಲ್ಲೆಯಲ್ಲಿ ಇದಕ್ಕೊಂದು ಬೇರೆಯೇ ಬಣ್ಣ ಇದೆ. ಉತ್ತರ ಕನ್ನಡದ ಹೆಚ್ಚಿನ ಭಾಗ ಕಾಡು. ಮಾಲ್ಕಿ ಜಾಗ ಕಡಿಮೆ, ಬೆಲೆ ಜಾಸ್ತಿ. ಹಾಗಾಗಿ ‘ಜಾಗ’ ಅಂತ ಮಾರಾಟಕ್ಕೆ ಬರೋದ್ರಲ್ಲಿ ಮಾರೋಕೆ ಬರದೇ ಇರೋದೂ ಬಹಳ ಇದೆ.

ಸೊಪ್ಪಿನ ಬೆಟ್ಟ ತಗೊಳ್ಳಿ. ಅಡಿಕೆ ತೋಟಕ್ಕೆ ಸೊಪ್ಪು, ದರಕು ತರೋಕೆ ಅಂತ ಬ್ರಿಟಿಷರ ಕಾಲದಿಂದ ಬಿಟ್ಟುಕೊಟ್ಟ ಕಾಡು ಅದು. ಎಕರೆ ತೋಟಕ್ಕೆ ಒಂಬತ್ತು ಎಕರೆ ಬೆಟ್ಟ ಅನ್ನೋ ಲೆಕ್ಕ ಘಟ್ಟದ ಮೇಲೆ ಎಲ್ಲರ ಬಾಯಲ್ಲೂ ಇದೆ. ಅದು ಬಳಸೋ ಸವಲತ್ತು, ಒಡೆತನ ಅಲ್ಲ. ಬೆಟ್ಟದ ಮೂಲೆಯಲ್ಲಿ ಸೈಟು ಕತ್ತರಿಸಿ ಮಾರಿದ್ರೆ ಕೊಂಡವರಿಗೆ ಏನೂ ಸಿಗಲ್ಲ, ಮೇಲಿಂದ ಅರಣ್ಯ ಇಲಾಖೆಯ ನೋಟಿಸ್ ಸಿಗತ್ತೆ.

ಅತಿಕ್ರಮಣ ಜಾಗ ಇನ್ನೊಂದು. ‘ಜಿಪಿಎಸ್ ಆಗಿದೆ, ಪಟ್ಟಾ ಬರ್ತದೆ, ಈಗಲೇ ತಗೊಂಡ್ರೆ ಕಡಿಮೆಗೆ ಸಿಗ್ತದೆ’ ಅನ್ನೋ ಮಾತು ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರರಲ್ಲೂ ಕೇಳಿಬರೋದೇ. 2006ರ ಅರಣ್ಯ ಹಕ್ಕು ಕಾಯ್ದೆಯ ಕಲಂ 4(4) ತೆಗೆದು ನೋಡಿ. ಈ ಹಕ್ಕು ವಾರಸುದಾರರಿಗೆ ಹೋಗತ್ತೆ, ಆದರೆ ಮಾರೋ ಹಾಗಿಲ್ಲ, ಬೇರೆಯವರಿಗೆ ವರ್ಗಾಯಿಸೋ ಹಾಗಿಲ್ಲ. ಪಟ್ಟಾ ಬಂದ ಮೇಲೂ ಮಾರೋಕೆ ಬರಲ್ಲ ಅಂದ್ಮೇಲೆ ಬರೋ ಮೊದಲೇ ಮಾರೋದು ಎಲ್ಲಿಂದ ಬಂತು? ಕಂದಾಯ ಜಾಗದಲ್ಲಿ ‘94ಸಿ ಅರ್ಜಿ ಹಾಕಿದೀನಿ’ ಅನ್ನೋದೂ ಅಷ್ಟೇ. ಅರ್ಜಿಯ ಸ್ವೀಕೃತಿ ಚೀಟಿ ಹಕ್ಕುಪತ್ರ ಅಲ್ಲ. ಸರ್ಕಾರಿ ಜಾಗಕ್ಕೆ ಸುಳ್ಳು ದಾಖಲೆ ಮಾಡಿ ಮಾರೋದು ಭೂಕಂದಾಯ ಕಾಯ್ದೆಯ ಕಲಂ 192ಎ ಅಡಿ ಪ್ರತ್ಯೇಕ ಅಪರಾಧ.

ಇಂಥ ವ್ಯವಹಾರ ನಡೆಯೋದು ಬಾಂಡ್ ಪೇಪರ್ ಮೇಲೆ, ನೋಟರಿ ಮುಂದೆ. ನೂರು ರೂಪಾಯಿ ಮೇಲ್ಪಟ್ಟ ಸ್ಥಿರಾಸ್ತಿಯ ಮಾರಾಟ ನೋಂದಣಿ ಇಲ್ಲದೆ ಆಗಲ್ಲ. ಕರಾರು ಪತ್ರ, ಜಿಪಿಎ, ವಿಲ್ ಮೂರನ್ನೂ ಕಟ್ಟಿ ‘ಮಾರಾಟ’ ಅಂತ ಕರೆಯೋದಕ್ಕೆ ಬೆಲೆ ಇಲ್ಲ ಅಂತ 2011ರ ಸೂರಜ್ ಲ್ಯಾಂಪ್ ತೀರ್ಪು ಹೇಳಿ ವರ್ಷಗಳೇ ಆದವು. ಅದನ್ನ ಬರೆದವರೂ ನ್ಯಾಯಮೂರ್ತಿ ರವೀಂದ್ರನ್ ಅವರೇ.

ಇಲ್ಲಿ ಕೊಂಡವರು ವಂಚನೆ ದೂರು ಕೊಡಬಹುದಾ? ಇದು ಕಷ್ಟದ ಪ್ರಶ್ನೆ. ‘ಮಾಲ್ಕಿ ಜಾಗ’ ಅಂತ ಸುಳ್ಳು ಪಹಣಿ ತೋರಿಸಿ ದುಡ್ಡು ತಗೊಂಡಿದ್ರೆ ಖಂಡಿತ ಕೊಡಬಹುದು. ಆದರೆ ಅತಿಕ್ರಮಣ ಅಂತ ಗೊತ್ತಿದ್ದೇ, ಅಗ್ಗಕ್ಕೆ ಸಿಗತ್ತೆ ಅಂತಲೇ ಕೊಂಡಿದ್ರೆ? ಸುಳ್ಳು ನಂಬಿ ಮೋಸ ಹೋದವರಿಗೆ ಮಾತ್ರ ವಂಚನೆಯ ಕಲಂ. ನಿಜ ಗೊತ್ತಿದ್ದವರನ್ನ ಯಾರು ಏನಂತ ನಂಬಿಸಿದ್ರು? ನೀವೇ ಸಹಿ ಹಾಕಿದ ಕರಾರಿನಲ್ಲಿ ‘ಅರಣ್ಯ ಅತಿಕ್ರಮಣ ಜಾಗ’ ಅಂತ ಬರೆದಿದ್ರೆ, ನಿಮ್ಮ ದೂರನ್ನ ಕೆಡವೋಕೆ ಎದುರು ವಕೀಲರಿಗೆ ಆ ಒಂದು ಸಾಲು ಸಾಕು.

ಮುಂಗಡದ ಜಗಳದಲ್ಲೂ ಇದೇ ತರ್ಕ. ಐದು ಲಕ್ಷ ಅಡ್ವಾನ್ಸ್ ತಗೊಂಡು, ಬೆಲೆ ಏರಿತು ಅಂತ ಈಗ ಬರೆದುಕೊಡಲ್ಲ ಅಂತಾನೆ. ಬೇಜಾರಿನ ವಿಷಯ, ಆದರೆ ಮಾತು ಮುರಿದಿದ್ದು ಅಪರಾಧ ಅಲ್ಲ. ದುಡ್ಡು ತಗೊಳ್ಳೋ ಹೊತ್ತಿಗೇ ಕೊಡೋ ಉದ್ದೇಶ ಇರಲಿಲ್ಲ ಅಂತ ತೋರಿಸಬೇಕು ಅಂತ ಸುಪ್ರೀಂ ಕೋರ್ಟ್ 2000ದಲ್ಲೇ ಹೃದಯ ರಂಜನ್ ಪ್ರಸಾದ್ ವರ್ಮಾ ಪ್ರಕರಣದಲ್ಲಿ ಹೇಳಿದೆ. ಹೇಗೆ ತೋರಿಸೋದು? ನಿಮ್ಮ ಹತ್ರ ಅಡ್ವಾನ್ಸ್ ತಗೊಳ್ಳೋ ಮೊದಲೇ ಇನ್ನೊಬ್ಬರಿಗೆ ಬರೆದುಕೊಟ್ಟಿದ್ರೆ, ಬ್ಯಾಂಕಿಗೆ ಅಡ ಇಟ್ಟಿದ್ದನ್ನ ಮುಚ್ಚಿಟ್ಟಿದ್ರೆ, ತನ್ನ ಹೆಸರಲ್ಲೇ ಇಲ್ಲದ ಮನೆ ತೋರಿಸಿದ್ರೆ, ಆ ದಿನಾಂಕಗಳೇ ಉದ್ದೇಶದ ಸಾಕ್ಷಿ. ಅಂಥದ್ದೇನೂ ಇಲ್ಲದಿದ್ರೆ, ‘ಸಿವಿಲ್ ಮ್ಯಾಟರ್’ ಅನ್ನೋದು ಸರಿ. ಕರಾರು ಜಾರಿಗೆ ದಾವೆ ಹಾಕಬೇಕು, ಅದಕ್ಕೆ 3 ವರ್ಷದ ಗಡುವು ಇದೆ.

ಸರಿ, ನಿಮ್ಮ ಕೈಯಲ್ಲಿ ಕಡತ ಇದೆ, ಸುಳ್ಳು ಕಾಗದ ಯಾವುದು ಅಂತ ಗೊತ್ತಾಗಿದೆ. ದೂರು ಹೇಗೆ? ‘ಮೋಸ ಮಾಡಿದ್ದಾರೆ’ ಅಂತ ಮೂರು ಪುಟ ಸಂಕಟ ಬರೀಬೇಡಿ. ಯಾವ ದಿನ, ಯಾವ ಕಚೇರಿಯಲ್ಲಿ, ಯಾವ ನಂಬರಿನ ಪತ್ರ, ಅದರಲ್ಲಿ ಯಾವ ಲಗತ್ತು ಸುಳ್ಳು, ಆ ದಿನ ನೀವು ಎಲ್ಲಿದ್ರಿ. ಒಂದೂವರೆ ಪುಟ ಸಾಕು. ಆಗ ಠಾಣೆಯವರು ಹಕ್ಕಿನ ಪ್ರಶ್ನೆಗೆ ಕೈಹಾಕಬೇಕಾಗಿಲ್ಲ. ಆ ಸಹಿ ಯಾರದ್ದು, ಆ ಆಧಾರ್ ಯಾರದ್ದು ಅಂತ ನೋಡಿದ್ರೆ ಆಯ್ತು. ಅದು ಪೊಲೀಸರ ಕೆಲಸವೇ.

ನೀವು ಬೆಂಗಳೂರಲ್ಲೇ ಇದ್ರೆ ಅಲ್ಲಿನ ಠಾಣೆಯಲ್ಲೂ ದೂರು ಕೊಡಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರ ಪ್ರಕಾರ, ನಮ್ಮ ವ್ಯಾಪ್ತಿ ಅಲ್ಲ ಅಂತ ವಾಪಸ್ ಕಳಿಸೋ ಹಾಗಿಲ್ಲ. ಜೀರೋ ಎಫ್‌ಐಆರ್ ಅನ್ನೋದು ಇದನ್ನೇ. ಇ-ಮೇಲ್‌ನಂಥ ದಾರಿಯಲ್ಲೂ ಮಾಹಿತಿ ಕಳಿಸಬಹುದು, 3 ದಿನದೊಳಗೆ ಹೋಗಿ ಸಹಿ ಹಾಕಬೇಕು. 3 ವರ್ಷದಿಂದ 7 ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಮಾತ್ರ, ಡಿವೈಎಸ್‌ಪಿ ಅನುಮತಿ ಪಡೆದು 14 ದಿನ ಪ್ರಾಥಮಿಕ ವಿಚಾರಣೆ ಮಾಡೋ ಅವಕಾಶ ಪೊಲೀಸರಿಗಿದೆ.

ಇಲ್ಲೊಂದು ತಮಾಷೆ, ವಕೀಲರಿಗೂ ಕೆಲವು ಸಲ ಮರೆತುಹೋಗೋದು. ಜೀವಾವಧಿಯವರೆಗೆ ಶಿಕ್ಷೆ ಇರೋ ಕಲಂ 338 ಸಾಮಾನ್ಯವಾಗಿ ಅಸಂಜ್ಞೇಯ ಅಪರಾಧ. ಅಂದ್ರೆ ಅದೊಂದರ ಮೇಲೆಯೇ ಪೊಲೀಸರು ತಾವಾಗಿ ತನಿಖೆ ಶುರು ಮಾಡೋಕೆ ಬರಲ್ಲ. ಆದರೆ 318(4), 319, 336(3) ಸಂಜ್ಞೇಯ. ಒಂದೇ ಪ್ರಕರಣದಲ್ಲಿ ಒಂದು ಸಂಜ್ಞೇಯ ಅಪರಾಧ ಇದ್ರೂ ಇಡೀ ಪ್ರಕರಣ ಸಂಜ್ಞೇಯ ಆಗತ್ತೆ. ಹಾಗಾಗಿ ದೊಡ್ಡ ಕಲಂ ಒಂದನ್ನೇ ಹಿಡ್ಕೊಂಡು ಹೋಗಬೇಡಿ, ಅದರ ಸಣ್ಣ ತಮ್ಮಂದಿರನ್ನೂ ಕರ್ಕೊಂಡು ಹೋಗಿ.

ಇಷ್ಟಾದ್ರೂ ದಾಖಲಿಸದಿದ್ರೆ, ದೂರಿನ ಸಾರಾಂಶವನ್ನ ಕಾರವಾರದ ಪೊಲೀಸ್ ವರಿಷ್ಠಾಧಿಕಾರಿಗೆ ರಸೀದಿ ಸಿಗೋ ಹಾಗೆ ಅಂಚೆಯಲ್ಲಿ ಕಳಿಸಿ. ಆ ರಸೀದಿ ಕಳ್ಕೋಬೇಡಿ. ಅಲ್ಲೂ ಆಗದಿದ್ರೆ ಪ್ರಮಾಣಪತ್ರದ ಜೊತೆ ಮ್ಯಾಜಿಸ್ಟ್ರೇಟ್ ಮುಂದೆ, ಕಲಂ 175(3) ಅಡಿ, ತನಿಖೆಗೆ ಆದೇಶಿಸಿ ಅಂತ ಕೇಳಬಹುದು. ಎಸ್‌ಪಿಗೆ ಕಳಿಸಿದ ಆ ರಸೀದಿ ಇಲ್ಲದೆ ಈ ಮೆಟ್ಟಿಲು ಹತ್ತೋಕಾಗಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರರಲ್ಲೂ ಮ್ಯಾಜಿಸ್ಟ್ರೇಟ್ ನ್ಯಾಯಾಲಯ ಇದೆ, ತಾಲೂಕು ಕಾನೂನು ಸೇವಾ ಸಮಿತಿಯೂ ಇದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ.

ನೋಂದಣಿಯಾದ ಪತ್ರವನ್ನ ರದ್ದು ಮಾಡಿಸೋದು ಇನ್ನೊಂದು ದಾರಿ. ಕಾನೂನಿನಲ್ಲಿ ಸ್ಪಷ್ಟ ಅಧಿಕಾರ ಇಲ್ಲದೆ ನೋಂದಣಿ ಅಧಿಕಾರಿ ತಾನೇ ನೋಂದಾಯಿಸಿದ್ದನ್ನ ರದ್ದು ಮಾಡೋಕಾಗಲ್ಲ ಅಂತ ಸುಪ್ರೀಂ ಕೋರ್ಟ್ 2016ರಲ್ಲಿ ಸತ್ಯಪಾಲ್ ಆನಂದ್ ಪ್ರಕರಣದಲ್ಲಿ ಹೇಳಿತ್ತು. ಆ ಅಧಿಕಾರ ಕೊಡೋಕೆ ಕರ್ನಾಟಕ 2023ರಲ್ಲಿ ನೋಂದಣಿ ಕಾಯ್ದೆಗೆ ತಿದ್ದುಪಡಿ ತಂತು. ರಾಷ್ಟ್ರಪತಿ ಅಂಕಿತ ಸಿಕ್ಕಿ 2024ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು. ನಕಲಿ ದಾಖಲೆಯಿಂದ ಆದ ನೋಂದಣಿಯನ್ನ ವಿಚಾರಣೆ ನಡೆಸಿ ರದ್ದು ಮಾಡೋ ಅಧಿಕಾರ ಈಗ ಜಿಲ್ಲಾ ನೋಂದಣಾಧಿಕಾರಿಗಿದೆ. ಅವರ ಕಚೇರಿ ಕಾರವಾರದಲ್ಲಿ. ಘಟ್ಟ ಇಳಿಯೋ ಖರ್ಚು ಇದೆ, ಆದರೂ ಸಿವಿಲ್ ದಾವೆಗೆ ಹೋಲಿಸಿದ್ರೆ ಹತ್ತಿರವೇ. ಆದರೆ ಇದನ್ನೇ ನಂಬಿ ಸಿವಿಲ್ ದಾವೆ ಮುಂದೂಡಬೇಡಿ. ಪತ್ರ ರದ್ದು ಕೋರೋ ದಾವೆಗೆ, ವಿಷಯ ಗೊತ್ತಾದ ದಿನದಿಂದ 3 ವರ್ಷ ಮಾತ್ರ. 3 ವರ್ಷಕ್ಕಿಂತ ಹೆಚ್ಚು ಶಿಕ್ಷೆಯ ಕ್ರಿಮಿನಲ್ ಅಪರಾಧಕ್ಕೆ ಕಾಲಮಿತಿ ಇಲ್ಲ, ಸಿವಿಲ್‌ಗೆ ಇದೆ. ಕ್ರಿಮಿನಲ್ ಕೇಸು ನಡೀತಾ ಇದೆಯಲ್ಲ ಅಂತ ಕೂತವರ ಸಿವಿಲ್ ಗಡುವು ದಾಟಿಹೋದ್ರೆ, ಅಪರಾಧಿಗೆ ಜೈಲಾದ್ರೂ ಮನೆಯ ಕಾಗದ ಸರಿಯಾಗಲ್ಲ. ಎರಡೂ ಒಟ್ಟಿಗೇ ನಡೀಬಹುದು, ನಡೀಬೇಕು.

ಕೊನೆಯದಾಗಿ, ಬೀಗ ಹಾಕಿ ಊರು ಬಿಟ್ಟವರಿಗೆ. 2024ರ ಸೆಪ್ಟೆಂಬರ್ 2ರಿಂದ ರಾಜ್ಯದಲ್ಲಿ ಎನಿವೇರ್ ರಿಜಿಸ್ಟ್ರೇಷನ್ ಇದೆ. ಜಿಲ್ಲೆಯ ಯಾವ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಬೇಕಾದ್ರೂ ಪತ್ರ ನೋಂದಾಯಿಸಬಹುದು. ಅನುಕೂಲ ನಿಜ. ಆದರೆ ಮೊದಲು ಸಿದ್ದಾಪುರದ ಮನೆ ಸಿದ್ದಾಪುರದಲ್ಲೇ ನೋಂದಣಿ ಆಗಬೇಕಿತ್ತು, ಆ ಕಚೇರಿ ಜಗಲಿಯಲ್ಲಿ ಕೂತ ಹತ್ತು ಜನರಲ್ಲಿ ಒಬ್ಬರಿಗಾದ್ರೂ ‘ಇವನು ಆ ಭಟ್ಟರ ಮಗ ಅಲ್ಲವಲ್ಲ’ ಅಂತ ಅನಿಸ್ತಿತ್ತು. ಈಗ ಅದೇ ಮನೆ ಭಟ್ಕಳದಲ್ಲೋ ಹಳಿಯಾಳದಲ್ಲೋ ನೋಂದಣಿ ಆಗಬಹುದು, ಅಲ್ಲಿ ನಿಮ್ಮ ಮುಖ ಬಲ್ಲವರು ಯಾರೂ ಇರಲ್ಲ. ಹಾಗಾಗಿ ವರ್ಷಕ್ಕೆರಡು ಸಲ ಕಾವೇರಿ ತಾಣದಲ್ಲಿ ನಿಮ್ಮ ಆಸ್ತಿಯ ಇಸಿ ತೆಗೆದು ನೋಡಿ. ತೆರಿಗೆಯನ್ನ ನಿಮ್ಮ ಹೆಸರಲ್ಲೇ ಕಟ್ಟಿ, ಬೇರೆಯವರ ಕೈಯಲ್ಲಿ ಕಟ್ಟಿಸಿದ್ರೂ ರಸೀದಿಯ ಫೋಟೋ ತರಿಸಿಕೊಳ್ಳಿ. ಹಳೇ ಜಿಪಿಎ ಯಾರಿಗಾದ್ರೂ ಕೊಟ್ಟಿದ್ದು ನೆನಪಾದ್ರೆ, ಅವರು ಎಷ್ಟೇ ಒಳ್ಳೆಯವರಿರಲಿ, ಕೆಲಸ ಮುಗಿದಿದ್ರೆ ರದ್ದುಪತ್ರ ನೋಂದಾಯಿಸಿ ಅವರಿಗೊಂದು ನೋಟಿಸ್ ಕಳಿಸಿ. ನೆಂಟಸ್ತಿಕೆ ಕೆಡತ್ತೆ ಅಂತ ಅನಿಸಿದ್ರೆ ಈ ಸಂಚಿಕೆ ಕಳಿಸಿಕೊಡಿ, ‘ಇವರು ಹೇಳಿದ್ರು’ ಅಂತ ನಮ್ಮ ಮೇಲೆ ಹಾಕಿ.

ಮುಂದಿನ ಸಂಚಿಕೆಯಲ್ಲಿ ವಂಶವೃಕ್ಷ ಮತ್ತು ಪೌತಿ ಖಾತೆ ಬಗ್ಗೆಯೇ ಮಾತಾಡೋಣ.